ಕೋಆಕ್ಸಿಯಲ್ ಕೇಬಲ್‌ನಲ್ಲಿ ಸಂಕೇತದ ವಿಳಂಬವನ್ನು ಅಳೆಯುವ ಬಗೆ

ನಡುವೆ ಒಂದು ತಂತಿ, ಅದರ ಸುತ್ತ ನಿರೋಧಕ, ಅದರ ಮೇಲೆ ಲೋಹದ ಜಾಲರಿ ಇರುವ ಕೋಆಕ್ಸಿಯಲ್ ಕೇಬಲ್‌ನ ಒಂದು ತುದಿಗೆ ಕೊಟ್ಟ ಸಂಕೇತ ಇನ್ನೊಂದು ತುದಿಯನ್ನು ತಲುಪಲು ತೆಗೆದುಕೊಳ್ಳುವ ಕಾಲವನ್ನು ನ್ಯಾನೋಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ಇಷ್ಟು ಸಣ್ಣ ಕಾಲವನ್ನು ಅಳೆಯಲು ಲಕ್ಷಾಂತರ ರೂಪಾಯಿಯ ಉಪಕರಣ ಬೇಕೆಂದು ಹಲವರು ಈ ಕೆಲಸದಿಂದ ದೂರವೇ ಉಳಿಯುತ್ತಾರೆ. ವಾಸ್ತವದಲ್ಲಿ ಹಾಸನ ಅಥವಾ ಚಿಕ್ಕಮಗಳೂರಿನ ಯಾವುದೇ ಡಿಪ್ಲೊಮಾ ಇಲ್ಲವೇ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಇರುವ ಎರಡು ಚಾನೆಲ್‌ಗಳ ಆಸಿಲೋಸ್ಕೋಪ್ (ವೋಲ್ಟೇಜ್ ಕಾಲದೊಂದಿಗೆ ಬದಲಾಗುವುದನ್ನು ಪರದೆಯಲ್ಲಿ ತೋರಿಸುವ ಉಪಕರಣ), ಒಂದು ಫಂಕ್ಷನ್ ಜನರೇಟರ್ (ಬೇಕಾದ ತರಂಗ ಹುಟ್ಟಿಸುವ ಪೆಟ್ಟಿಗೆ) ಮತ್ತು ಕೈತುಂಬ ಬಿಎನ್‌ಸಿ ಎಂಬ ಕೇಬಲ್ ಜೋಡಣೆಯ ಬಿಡಿಭಾಗಗಳಿಂದಲೇ ಶೇಕಡಾ ಒಂದಕ್ಕಿಂತ ಉತ್ತಮವಾದ ಅಳತೆ ಸಾಧ್ಯ. ಅದಕ್ಕೆ ಬೇಕಾದುದು ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ಒಂದು ಶಿಸ್ತು: ವಿಳಂಬವನ್ನು ಪರದೆಯಿಂದ ನೇರವಾಗಿ ಓದಬಾರದು, ಎರಡು ಓದುಗಳ ವ್ಯತ್ಯಾಸವಾಗಿಯೇ ಪಡೆಯಬೇಕು. ಈ ಲೇಖನದ ಎಲ್ಲ ವಿಧಾನಗಳೂ ಆ ಒಂದು ಮಾತನ್ನು ಆಧರಿಸಿವೆ.

ಈ ಅಳತೆ ಯಾರಿಗೆ ಬೇಕು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜಿಪಿಎಸ್ ಅಥವಾ ಭಾರತದ್ದೇ ಆದ ನಾವಿಕ್ ಉಪಗ್ರಹಗಳ ಸಂಕೇತದಿಂದ ನಿಖರ ಸಮಯ ಪಡೆಯುವ ಗಡಿಯಾರಗಳಿಗೆ ಆಂಟೆನಾ ಕೇಬಲ್‌ನ ವಿಳಂಬವನ್ನು ಕೈಯಾರೆ ತುಂಬಬೇಕಾಗುತ್ತದೆ. 30 ಮೀಟರ್ ನೊರೆ ನಿರೋಧಕದ ಕೇಬಲ್ ಇದ್ದು ಅದನ್ನು ತುಂಬದೆ ಬಿಟ್ಟರೆ ಗಡಿಯಾರ ಸುಮಾರು 120 ನ್ಯಾನೋಸೆಕೆಂಡ್ ಹಿಂದೆ ಉಳಿಯುತ್ತದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವಂಥ ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಅಷ್ಟು ದೂರವನ್ನು ಸಂಕೇತ ಹೋಗಿಬರುವ ಕಾಲದಿಂದ ಅಳೆಯುವ ಯಾವುದೇ ಪದ್ಧತಿಯಲ್ಲಿ, ಭೂಮಿಯ ಮೇಲಿನ ಕೇಬಲ್‌ನಲ್ಲಿ ಲೆಕ್ಕಕ್ಕೆ ಸಿಗದೆ ಉಳಿದ 10 ನ್ಯಾನೋಸೆಕೆಂಡ್ ದೂರದ ಉತ್ತರವನ್ನು ಒಂದೂವರೆ ಮೀಟರ್‌ನಷ್ಟು ಕೆಡಿಸುತ್ತದೆ. ಇನ್ನು ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಿಗೆ ಕೇಬಲ್ ಎಳೆಯುವವರಿಗೆ ಇದೇ ವಿಳಂಬ ಬೇರೆ ರೀತಿಯಲ್ಲಿ ಉಪಕಾರಿ: ಕೇಬಲ್ ಎಷ್ಟನೆಯ ಮೀಟರಿನಲ್ಲಿ ಕೆಟ್ಟಿದೆ ಎಂಬುದನ್ನು ಅದು ಕಾಫಿ ಗಿಡಗಳ ನಡುವೆ ಅಲೆಯದೆಯೇ ತಿಳಿಸುತ್ತದೆ.

ಅಳೆಯುವ ಮೊದಲು ಅಂದಾಜು

ಉತ್ತರ ಸುಮಾರು ಎಷ್ಟಿರಬೇಕೆಂದು ತಿಳಿಯದೆ ಸ್ಕೋಪ್ ಮುಂದೆ ಕೂರಬಾರದು. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್; 1983ರಿಂದ ಮೀಟರಿನ ವ್ಯಾಖ್ಯೆಯೇ ಈ ಸಂಖ್ಯೆಯ ಮೇಲೆ ನಿಂತಿದೆ. ಇದರಂತೆ ಒಂದು ಮೀಟರ್ ದಾಟಲು 3.34 ನ್ಯಾನೋಸೆಕೆಂಡ್ ಬೇಕು. ಕೇಬಲ್‌ನಲ್ಲಿ ಸಂಕೇತ ಇದಕ್ಕಿಂತ ನಿಧಾನವಾಗಿ ಸಾಗುತ್ತದೆ, ಎಷ್ಟು ನಿಧಾನ ಎಂಬುದನ್ನು ನಡುತಂತಿ ಮತ್ತು ಹೊರಜಾಲರಿಯ ನಡುವಿನ ನಿರೋಧಕ ವಸ್ತು ನಿರ್ಧರಿಸುತ್ತದೆ. ಗಟ್ಟಿ ಪಾಲಿಥೀನ್ ಇರುವ ಆರ್‌ಜಿ-58, ಆರ್‌ಜಿ-213 ಬಗೆಗಳಲ್ಲಿ ವೇಗ ಬೆಳಕಿನ ವೇಗದ 0.66 ಪಾಲು, ಆದ್ದರಿಂದ ವಿಳಂಬ ಮೀಟರಿಗೆ 5.05 ನ್ಯಾನೋಸೆಕೆಂಡ್. ಟೆಫ್ಲಾನ್ ನಿರೋಧಕದ ಆರ್‌ಜಿ-316ರಲ್ಲಿ ಸುಮಾರು 4.8. ಟಿವಿ ಮತ್ತು ಡಿಶ್‌ಗೆ ಬಳಸುವ, ನೊರೆ ಪಾಲಿಥೀನ್ ತುಂಬಿದ ಆರ್‌ಜಿ-6ರಲ್ಲಿ ಈ ಪಾಲು 0.82ರಿಂದ 0.85ರವರೆಗೆ ಇರುವುದರಿಂದ ವಿಳಂಬ 4ರ ಆಸುಪಾಸಿನಲ್ಲಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆರ್‌ಜಿ-59 ಎಂಬ ಒಂದೇ ಹೆಸರಿನಲ್ಲಿ ಗಟ್ಟಿ ನಿರೋಧಕದ್ದೂ ನೊರೆ ನಿರೋಧಕದ್ದೂ ಅಂಗಡಿಯಲ್ಲಿ ಸಿಗುತ್ತದೆ, ಆರ್‌ಜಿ-58ರಲ್ಲೂ ಅಷ್ಟೇ. ಆದ್ದರಿಂದ ಕೇಬಲ್‌ನ ಮೈಮೇಲೆ ಅಚ್ಚಾದ ಹೆಸರನ್ನು ನಂಬಿ ವೇಗವನ್ನು ಪಟ್ಟಿಯಿಂದ ತೆಗೆದುಕೊಳ್ಳುವುದು ಸರಿಯಲ್ಲ. ತುದಿಯಲ್ಲಿ ಅರ್ಧ ಇಂಚು ಸುಲಿದು ನೋಡಿದರೆ ಗೊಂದಲ ಬಗೆಹರಿಯುತ್ತದೆ: ಗಟ್ಟಿ ಪಾಲಿಥೀನ್ ಅರೆಪಾರದರ್ಶಕವಾಗಿದ್ದು ಉಗುರಿಗೆ ಬಗ್ಗುವುದಿಲ್ಲ, ನೊರೆಯದು ಅಚ್ಚ ಬಿಳಿಯಾಗಿದ್ದು ಉಗುರು ಒತ್ತಿದಲ್ಲಿ ಗುಳಿ ಬೀಳುತ್ತದೆ.

ಕೆಪ್ಯಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ಇದ್ದವರು ಇನ್ನೂ ಸುಲಭವಾದ ಅಂದಾಜು ಮಾಡಬಹುದು. ಕೇಬಲ್‌ನ ದೂರದ ತುದಿಯನ್ನು ತೆರೆದಿಟ್ಟು, ಹತ್ತಿರದ ತುದಿಯಲ್ಲಿ ನಡುತಂತಿಗೂ ಜಾಲರಿಗೂ ನಡುವಿನ ಕೆಪ್ಯಾಸಿಟೆನ್ಸ್ ಓದಿ, ಅದನ್ನು ಕೇಬಲ್‌ನ ಇಂಪೀಡೆನ್ಸ್‌ನಿಂದ (ಸಾಗುವ ಸಂಕೇತಕ್ಕೆ ಕೇಬಲ್ ಒಡ್ಡುವ, ಓಮ್‌ಗಳಲ್ಲಿ ಹೇಳುವ ತಡೆ) ಗುಣಿಸಿದರೆ ಬರುವುದು ಒಟ್ಟು ವಿಳಂಬವೇ. ಆರ್‌ಜಿ-58ರ ಕೆಪ್ಯಾಸಿಟೆನ್ಸ್ ಮೀಟರಿಗೆ ಸುಮಾರು 100 ಪೈಕೋಫ್ಯಾರಡ್. 20 ಮೀಟರ್ ತುಂಡು 2 ನ್ಯಾನೋಫ್ಯಾರಡ್ ತೋರಿಸಿದರೆ, 50 ಓಮ್‌ನಿಂದ ಗುಣಿಸಿ 100 ನ್ಯಾನೋಸೆಕೆಂಡ್ ಎಂದು ತಿಳಿಯಬಹುದು. ಮಲ್ಟಿಮೀಟರಿನ ದೋಷವೂ ಇಂಪೀಡೆನ್ಸ್‌ನ ಅನಿಶ್ಚಿತತೆಯೂ ಸೇರಿ ಇದರಲ್ಲಿ ಶೇಕಡಾ ಐದರಷ್ಟು ತಪ್ಪು ಬರಬಹುದಾದರೂ, ಮುಂದಿನ ಅಳತೆಗಳಲ್ಲಿ ಎರಡು ಪಟ್ಟಿನ ಲೆಕ್ಕ ತಪ್ಪಿದರೆ ತಕ್ಷಣ ಹಿಡಿಯಲು ಇಷ್ಟು ಸಾಕು.

ಕೇಬಲ್ ಮುಟ್ಟುವ ಮೊದಲು

ಮೇಜಿನ ಮೇಲಿನ ಹೊಸ ಕೇಬಲ್‌ಗೆ ಈ ಭಾಗ ಅನ್ವಯಿಸುವುದಿಲ್ಲ. ಬಳಕೆಯಲ್ಲಿರುವ ಕೇಬಲ್ ಆದರೆ ಎರಡೂ ತುದಿಗಳನ್ನು ಕಳಚಲೇಬೇಕು. ಸೆಟ್‌ಟಾಪ್ ಬಾಕ್ಸ್‌ನಿಂದ ಡಿಶ್‌ಗೆ ಹೋಗುವ ಕೇಬಲ್‌ನಲ್ಲಿ 13 ಅಥವಾ 18 ವೋಲ್ಟ್ ಡಿಸಿ ಇರುತ್ತದೆ. ಊರಿನ ಕೇಬಲ್ ಟಿವಿಯ ಮುಖ್ಯ ಸಾಲುಗಳಲ್ಲಿ ಆಂಪ್ಲಿಫೈಯರ್‌ಗಳಿಗೆ ಬೇಕಾದ ಎಸಿ ವಿದ್ಯುತ್ತೂ ಅದೇ ಕೇಬಲ್‌ನಲ್ಲಿ ಹರಿಯುವುದುಂಟು. ಉದ್ದನೆಯ ಕೇಬಲ್‌ನಲ್ಲಿ ಸ್ಥಿರ ವಿದ್ಯುತ್ತು ಕೂಡಿಕೊಂಡಿರುವುದರಿಂದ, ಸ್ಕೋಪ್‌ಗೆ ಸೇರಿಸುವ ಮೊದಲು ನಡುತಂತಿಯನ್ನು ಜಾಲರಿಗೆ ಒಂದು ಕ್ಷಣ ತಾಗಿಸಿ ಬಿಡಬೇಕು. ಸ್ಕೋಪ್‌ನ ಬಿಎನ್‌ಸಿ ಹೊರಕವಚ ಅದರ ವಿದ್ಯುತ್ ಪ್ಲಗ್‌ನ ಮೂಲಕ ಭೂಸಂಪರ್ಕ ಪಡೆದಿರುತ್ತದೆ. ತೋಟದ ಇನ್ನೊಂದು ಮೂಲೆಯ ಬೇರೆ ಅರ್ಥಿಂಗ್‌ಗೆ ಕಟ್ಟಿದ ಜಾಲರಿಯನ್ನು ಇದಕ್ಕೆ ಸೇರಿಸಿದರೆ ಎರಡು ಅರ್ಥಿಂಗ್‌ಗಳ ನಡುವಿನ ವೋಲ್ಟೇಜ್‌ನಿಂದಾಗಿ ಕೇಬಲ್ ಮೂಲಕ ವಿದ್ಯುತ್ಪ್ರವಾಹ ಹರಿಯುತ್ತದೆ. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗಿನ ಸದ್ದು ದೂರದಲ್ಲಿ ಕೇಳಿದರೂ ಹೊರಗಿನ ಕೇಬಲ್‌ನ ಕೆಲಸ ನಿಲ್ಲಿಸುವುದೇ ಕ್ಷೇಮ.

ಮೊದಲ ವಿಧಾನ: ಎರಡು ಚಾನೆಲ್‌ಗಳ ನಡುವೆ

ಕೇಬಲ್‌ನ ಎರಡೂ ತುದಿಗಳು ಒಂದೇ ಮೇಜಿಗೆ ಬರುವುದಾದರೆ ಇದಕ್ಕಿಂತ ನೇರವಾದ ವಿಧಾನವಿಲ್ಲ. ಸ್ಕೋಪ್‌ನ ಒಂದನೆಯ ಚಾನೆಲ್‌ಗೆ ಒಂದು ಬಿಎನ್‌ಸಿ ಟೀ (ಮೂರು ಬಾಯಿಗಳ ಜೋಡಕ) ಹಾಕಿ, ಅದರ ಒಂದು ತೋಳಿಗೆ ಜನರೇಟರ್ ಸೇರಿಸಿ. ಇನ್ನೊಂದು ತೋಳಿನಿಂದ ಒಂದು ಗಿಡ್ಡ ಕೇಬಲ್ ತೆಗೆದು ಎರಡನೆಯ ಚಾನೆಲ್‌ಗೆ ತನ್ನಿ. ಅಲ್ಲಿಯೂ ಒಂದು ಟೀ ಇಟ್ಟು ಅದರ ಖಾಲಿ ತೋಳಿಗೆ 50 ಓಮ್ ಟರ್ಮಿನೇಟರ್ (ಸಂಕೇತ ಮರಳಿ ಹೋಗದಂತೆ ಹೀರಿಕೊಳ್ಳುವ ರೆಸಿಸ್ಟರ್) ಹಾಕಿ. ಸ್ಕೋಪ್‌ನ ಒಳಗೇ 50 ಓಮ್ ಆಯ್ಕೆ ಇದ್ದರೆ ಎರಡನೆಯ ಚಾನೆಲ್‌ಗೆ ಮಾತ್ರ ಅದನ್ನು ಬಳಸಬಹುದು, ಒಂದನೆಯ ಚಾನೆಲ್ 1 ಮೆಗಾಓಮ್‌ನಲ್ಲಿಯೇ ಇರಬೇಕು. ಪ್ರೋಬ್‌ಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಅವುಗಳ ತಂತಿಯ ವಿಳಂಬ ಒಂದೊಂದಕ್ಕೂ ಬೇರೆ, ಅವುಗಳ ಭೂಸಂಪರ್ಕದ ಬಾಲ ಅಂಚಿನ ಆಕಾರವನ್ನೂ ಕೆಡಿಸುತ್ತದೆ.

ಜನರೇಟರ್‌ನಲ್ಲಿ 100 ಕಿಲೋಹರ್ಟ್ಸ್‌ನ, 1 ವೋಲ್ಟ್‌ನಷ್ಟು ಚೌಕ ತರಂಗ ಇಡಿ. ಇದಕ್ಕಿಂತ ಬಹಳ ಹೆಚ್ಚಿನ ಆವೃತ್ತಿ ಇಟ್ಟರೆ, ಉದ್ದ ಕೇಬಲ್‌ನಲ್ಲಿ ತಡವಾಗಿ ಬಂದ ಅಂಚು ಯಾವ ಅಂಚಿನ ಜೋಡಿ ಎಂಬ ಗೊಂದಲ ಹುಟ್ಟುತ್ತದೆ. ಟ್ರಿಗರ್ ಒಂದನೆಯ ಚಾನೆಲ್‌ನ ಏರು ಅಂಚಿನ ಮೇಲಿರಲಿ. ಅಡ್ಡ ಅಳತೆಯನ್ನು ಒಂದು ಭಾಗಕ್ಕೆ 20 ನ್ಯಾನೋಸೆಕೆಂಡ್‌ನ ಹತ್ತಿರಕ್ಕೆ ತಂದು, 64 ತರಂಗಗಳ ಸರಾಸರಿಯನ್ನು ಆನ್ ಮಾಡಿ. ಈಗ ಎರಡು ಅಂಚುಗಳೂ ತಮ್ಮ ತಮ್ಮ ಎತ್ತರದ ಅರ್ಧವನ್ನು ದಾಟುವ ಜಾಗಕ್ಕೆ ಕರ್ಸರ್ ಇಟ್ಟು ನಡುವಿನ ಕಾಲವನ್ನು ಬರೆದುಕೊಳ್ಳಿ. ಪರೀಕ್ಷಿಸಬೇಕಾದ ಕೇಬಲ್ ಇನ್ನೂ ಸೇರಿಲ್ಲದಿದ್ದರೂ ಈ ಸಂಖ್ಯೆ ಸೊನ್ನೆ ಆಗಿರುವುದಿಲ್ಲ: ಗಿಡ್ಡ ಕೇಬಲ್, ಟೀಗಳು, ಸ್ಕೋಪ್‌ನ ಎರಡು ಚಾನೆಲ್‌ಗಳ ಒಳಗಿನ ಅಸಮಾನತೆ, ಎಲ್ಲವೂ ಅದರಲ್ಲಿ ಅಡಗಿವೆ. ಎಣ್ಣೆಯ ತೂಕ ತಿಳಿಯಬೇಕಾದರೆ ಖಾಲಿ ಡಬ್ಬವನ್ನು ಮೊದಲು ತೂಗಿಟ್ಟುಕೊಳ್ಳುವಂತೆ ಈ ಓದು ಇರಬೇಕು.

ಮುಂದೆ, ಬೇರೆ ಯಾವ ಗುಂಡಿಯನ್ನೂ ಮುಟ್ಟದೆ, ಗಿಡ್ಡ ಕೇಬಲ್‌ನ ಕೊನೆಗೂ ಎರಡನೆಯ ಚಾನೆಲ್‌ನ ಟೀಗೂ ನಡುವೆ ಪರೀಕ್ಷೆಯ ಕೇಬಲ್ ಸೇರಿಸಿ ಮತ್ತೆ ಓದಿ. ಉದಾಹರಣೆಗೆ, ಮೊದಲ ಓದು 6.3, ಎರಡನೆಯದು 107.6 ನ್ಯಾನೋಸೆಕೆಂಡ್ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 101.3. ಇದರಿಂದ ಕೂಡಿಸುವ ಬ್ಯಾರೆಲ್ ಅಡಾಪ್ಟರ್‌ನ ಪಾಲನ್ನೂ ಕಳೆಯಬೇಕು. ಅದರ ಉದ್ದ 3 ಸೆಂಟಿಮೀಟರ್ ಇದ್ದರೆ ಸುಮಾರು 0.15 ನ್ಯಾನೋಸೆಕೆಂಡ್. ಉಳಿದ 101.15ನ್ನು ಟೇಪ್ ಹಿಡಿದು ಅಳೆದ 20 ಮೀಟರ್‌ನಿಂದ ಭಾಗಿಸಿದರೆ ಮೀಟರಿಗೆ 5.06 ಬರುತ್ತದೆ, ಅಂದರೆ ಗಟ್ಟಿ ಪಾಲಿಥೀನ್ ಎಂಬ ನಮ್ಮ ಊಹೆಗೆ ಒಪ್ಪುತ್ತದೆ.

ಸ್ಕೋಪ್‌ನ ಬ್ಯಾಂಡ್‌ವಿಡ್ತ್ ಕಡಿಮೆ ಎಂಬ ಕೊರಗು ಇಲ್ಲಿ ಅಷ್ಟಾಗಿ ಬೇಡ. 100 ಮೆಗಾಹರ್ಟ್ಸ್ ಸ್ಕೋಪ್ ತನ್ನಷ್ಟಕ್ಕೇ ಯಾವ ಅಂಚನ್ನೂ ಸುಮಾರು 3.5 ನ್ಯಾನೋಸೆಕೆಂಡ್‌ಗಿಂತ ಕಡಿದಾಗಿ ತೋರಿಸದು, ಅಗ್ಗದ ಜನರೇಟರ್‌ನ ಅಂಚೇ 10 ನ್ಯಾನೋಸೆಕೆಂಡ್ ಅಗಲ ಇರಬಹುದು. ಆದರೂ ಎರಡೂ ಚಾನೆಲ್‌ಗಳಲ್ಲಿ ಅಂಚಿನ ಆಕಾರ ಒಂದೇ ಇರುವವರೆಗೆ ಅರ್ಧ ಎತ್ತರದಿಂದ ಅರ್ಧ ಎತ್ತರದ ಅಂತರ ಸರಿಯಾಗಿಯೇ ಸಿಗುತ್ತದೆ. ತೊಂದರೆ ಬರುವುದು ಕೇಬಲ್ ಬಹಳ ಉದ್ದವಾದಾಗ. ಹೆಚ್ಚಿನ ಆವೃತ್ತಿಗಳು ಕೇಬಲ್‌ನಲ್ಲಿ ಹೆಚ್ಚು ಸವೆಯುವುದರಿಂದ, ನೂರು ಮೀಟರ್ ದಾಟಿ ಬಂದ ಅಂಚು ಮೊದಲು ಚುರುಕಾಗಿ ಎದ್ದು, ಆಮೇಲೆ ತೆವಳುತ್ತಾ ಪೂರ್ಣ ಎತ್ತರ ಮುಟ್ಟುತ್ತದೆ. ಇಂಥ ಅಂಚಿನ ಅರ್ಧ ಎತ್ತರ ನಿಜವಾದ ಆಗಮನಕ್ಕಿಂತ ತಡವಾಗಿ ಬರುತ್ತದೆ, ಆಗ ಅಂಚು ನೆಲಬಿಟ್ಟು ಏಳುವ ಬುಡವನ್ನೇ ಎರಡೂ ಕಡೆ ಗುರುತಿಸುವುದು ಲೇಸು. ಅದಕ್ಕಿಂತಲೂ ಒಳ್ಳೆಯದು ಮುಂದಿನ ವಿಧಾನಕ್ಕೆ ಹೋಗುವುದು.

ಎರಡನೆಯ ವಿಧಾನ: ಸೈನ್ ತರಂಗದ ತಗ್ಗುಗಳು

ನನಗೆ ಎಲ್ಲಕ್ಕಿಂತ ಹಿಡಿಸಿದ ವಿಧಾನ ಇದು, ಏಕೆಂದರೆ ಇಲ್ಲಿ ಕಾಲವನ್ನು ಅಳೆಯುವ ಹೊಣೆ ಸ್ಕೋಪ್‌ನಿಂದ ಜನರೇಟರ್‌ಗೆ ವರ್ಗವಾಗುತ್ತದೆ. ಡಿಜಿಟಲ್ ಫಂಕ್ಷನ್ ಜನರೇಟರ್‌ಗಳು ಒಳಗಿನ ಸ್ಫಟಿಕದ ಆಧಾರದಿಂದ ಆವೃತ್ತಿಯನ್ನು ಐದಾರು ಅಂಕಿಗಳವರೆಗೆ ನಿಖರವಾಗಿ ಕೊಡುತ್ತವೆ, ಸ್ಕೋಪ್ ಕೇವಲ ತರಂಗದ ಎತ್ತರ ಎಲ್ಲಿ ಅತ್ಯಂತ ಕಡಿಮೆ ಎಂದು ತೋರಿಸಿದರೆ ಸಾಕು. ಹಳೆಯ 20 ಮೆಗಾಹರ್ಟ್ಸ್ ಅನಲಾಗ್ ಸ್ಕೋಪ್ ಕೂಡ ಇದಕ್ಕೆ ನಡೆಯುತ್ತದೆ.

ಜೋಡಣೆ ಸರಳ. ಒಂದನೆಯ ಚಾನೆಲ್‌ನ ಟೀಯ ಒಂದು ತೋಳಿಗೆ ಜನರೇಟರ್, ಇನ್ನೊಂದು ತೋಳಿಗೆ ನೇರವಾಗಿ ಪರೀಕ್ಷೆಯ ಕೇಬಲ್. ಕೇಬಲ್‌ನ ದೂರದ ತುದಿ ತೆರೆದಿರಲಿ. ಕಡಿಮೆ ಆವೃತ್ತಿಯಿಂದ ನಿಧಾನವಾಗಿ ಏರಿಸುತ್ತಾ ಹೋದಂತೆ ಪರದೆಯ ತರಂಗ ಕುಗ್ಗುತ್ತಾ ಒಂದು ಹಂತದಲ್ಲಿ ಬಹುತೇಕ ಗೆರೆಯಾಗುತ್ತದೆ, ಮತ್ತೆ ಹಿಗ್ಗುತ್ತದೆ. ಕೇಬಲ್‌ನ ಉದ್ದ ತರಂಗದ ಕಾಲುಭಾಗಕ್ಕೆ ಸಮನಾದಾಗ, ದೂರದ ತುದಿಯಿಂದ ಮರಳಿ ಬಂದ ಸಂಕೇತ ಹೊರಟ ಸಂಕೇತಕ್ಕೆ ಸರಿಯಾಗಿ ವಿರುದ್ಧವಾಗಿ ಬಂದು ಅದನ್ನು ಅಳಿಸಿಹಾಕುವುದೇ ಇದಕ್ಕೆ ಕಾರಣ. ಒಂದು ದಿಕ್ಕಿನ ವಿಳಂಬವು ಈ ಮೊದಲ ತಗ್ಗಿನ ಆವೃತ್ತಿಯ ನಾಲ್ಕು ಪಟ್ಟಿನ ವಿಲೋಮ. 20 ಮೀಟರ್ ಆರ್‌ಜಿ-58 ಆದರೆ ಮೊದಲ ತಗ್ಗು 2.475 ಮೆಗಾಹರ್ಟ್ಸ್ ಬಳಿ, ಎರಡನೆಯದು ಅದರ ಮೂರು ಪಟ್ಟು 7.43ರ ಬಳಿ, ಮೂರನೆಯದು ಐದು ಪಟ್ಟು 12.38ರ ಬಳಿ ಸಿಗಬೇಕು.

ಮೊದಲ ತಗ್ಗನ್ನು ಗುರುತಿಗಷ್ಟೇ ಬಳಸಿ, ಲೆಕ್ಕಕ್ಕೆ ಮೇಲಿನ ತಗ್ಗುಗಳನ್ನು ತೆಗೆದುಕೊಳ್ಳಿ. 12.38 ಮೆಗಾಹರ್ಟ್ಸ್ ಬಳಿ ತಗ್ಗನ್ನು 10 ಕಿಲೋಹರ್ಟ್ಸ್ ಒಳಗೆ ಹಿಡಿಯಲು ಸಾಧ್ಯವಾದರೆ, 101 ನ್ಯಾನೋಸೆಕೆಂಡ್‌ನಲ್ಲಿ ಉಳಿಯುವ ಅನುಮಾನ 0.1 ನ್ಯಾನೋಸೆಕೆಂಡ್‌ಗಿಂತ ಕಡಿಮೆ. ಅಲ್ಲದೆ ತೀರ ಕಡಿಮೆ ಆವೃತ್ತಿಗಳಲ್ಲಿ ವಿದ್ಯುತ್ಪ್ರವಾಹ ತಾಮ್ರದ ಒಳಕ್ಕೂ ಇಳಿಯುವುದರಿಂದ ಸಂಕೇತ ತುಸು ನಿಧಾನವಾಗುತ್ತದೆ, ಮೊದಲ ತಗ್ಗಿನ ಉತ್ತರ ಸ್ವಲ್ಪ ಹೆಚ್ಚಾಗಿ ಬರುವುದು ಇದರಿಂದಲೇ. ಅಕ್ಕಪಕ್ಕದ ಎರಡು ತಗ್ಗುಗಳ ಅಂತರವನ್ನು ನೋಡುವುದು ಇನ್ನೊಂದು ದಾರಿ: ಆ ಅಂತರದ ಎರಡು ಪಟ್ಟಿನ ವಿಲೋಮವೇ ವಿಳಂಬ, ಎಷ್ಟನೆಯ ತಗ್ಗು ಎಂದು ಎಣಿಸುವ ಗೋಜೂ ಇಲ್ಲ.

ಈ ವಿಧಾನದ ನಿಜವಾದ ಸೊಗಸು ಬೇರೆಡೆ ಇದೆ. ತಗ್ಗಿನ ಆವೃತ್ತಿಯಲ್ಲಿ ಟೀ ಇರುವ ಜಾಗದಲ್ಲಿ ವೋಲ್ಟೇಜ್ ಬಹುಮಟ್ಟಿಗೆ ಸೊನ್ನೆ. ವೋಲ್ಟೇಜ್ ಇಲ್ಲದ ಕಡೆ ಸ್ಕೋಪ್‌ನ ಒಳಗಿನ ಹದಿನೈದಿಪ್ಪತ್ತು ಪೈಕೋಫ್ಯಾರಡ್ ಕೆಪ್ಯಾಸಿಟೆನ್ಸ್‌ಗೆ ಮಾಡಲು ಕೆಲಸವಿಲ್ಲ, ಜನರೇಟರ್‌ನ ಇಂಪೀಡೆನ್ಸ್ ಸರಿಯಾಗಿ 50 ಓಮ್ ಇದೆಯೇ ಎಂಬ ಪ್ರಶ್ನೆಯೂ ಮುಖ್ಯವಾಗುವುದಿಲ್ಲ. ಆದ್ದರಿಂದ 75 ಓಮ್‌ನ ಟಿವಿ ಕೇಬಲ್ ಅನ್ನು 50 ಓಮ್ ಜನರೇಟರ್‌ನಿಂದಲೇ ಯಾವ ಹೊಂದಾಣಿಕೆಯ ಸಲಕರಣೆಯೂ ಇಲ್ಲದೆ ಅಳೆಯಬಹುದು. ಉಳಿಯುವ ದೋಷ ಎರಡೇ. ಟೀಯ ನಡುವಿನಿಂದ ಕೇಬಲ್ ಆರಂಭವಾಗುವವರೆಗಿನ ಒಂದೆರಡು ಸೆಂಟಿಮೀಟರ್ ಮೊದಲನೆಯದು. ತೆರೆದ ತುದಿಯ ಕನೆಕ್ಟರ್‌ನಲ್ಲಿರುವ ಅಲ್ಪ ಕೆಪ್ಯಾಸಿಟೆನ್ಸ್ ಎರಡನೆಯದು. ದೂರದ ತುದಿಯನ್ನು ಶಾರ್ಟ್ ಮಾಡಿ ಇನ್ನೊಮ್ಮೆ ಅಳೆದರೆ ಎರಡನೆಯದು ಬಯಲಾಗುತ್ತದೆ. ಆಗ ತಗ್ಗುಗಳು ಮೇಲಿನ ಉದಾಹರಣೆಯಲ್ಲಿ 4.95, 9.90 ಮೆಗಾಹರ್ಟ್ಸ್ ಹೀಗೆ ಸಮ ಅಂತರದಲ್ಲಿ ಬೀಳುತ್ತವೆ, ಇವುಗಳಿಂದ ಬರುವ ವಿಳಂಬವೂ ತೆರೆದ ತುದಿಯ ವಿಳಂಬವೂ 0.2 ನ್ಯಾನೋಸೆಕೆಂಡ್ ಒಳಗೆ ಹೊಂದಿಕೊಂಡರೆ ಅಳತೆಯನ್ನು ನಂಬಬಹುದು.

ಮೂರನೆಯ ವಿಧಾನ: ಮರಳಿ ಬರುವ ಅಂಚು

ಕೇಬಲ್ ನೆಲದೊಳಗೆ ಅಥವಾ ತೋಟದಾಚೆ ಹೋಗಿದ್ದು ಒಂದೇ ತುದಿ ಕೈಗೆ ಸಿಗುವಾಗ ಪ್ರತಿಫಲನವೇ ಗತಿ. ಜೋಡಣೆ ಎರಡನೆಯ ವಿಧಾನದಂತೆಯೇ, ಆದರೆ ಸೈನ್ ಬದಲು ಚೌಕ ತರಂಗ. ಅಂಚು ಹೊರಟ ಕ್ಷಣ ಪರದೆಯಲ್ಲಿ ವೋಲ್ಟೇಜ್ ಅರ್ಧಕ್ಕೆ ಏರಿ ನಿಲ್ಲುತ್ತದೆ. ತುದಿ ಮುಟ್ಟಿದ ಅಂಚು ಮರಳಿ ಬಂದಾಗ, ತುದಿ ತೆರೆದಿದ್ದರೆ ಪೂರ್ಣ ಎತ್ತರಕ್ಕೆ ಏರುತ್ತದೆ, ಶಾರ್ಟ್ ಆಗಿದ್ದರೆ ಸೊನ್ನೆಗೆ ಬೀಳುತ್ತದೆ. ಎರಡು ಮೆಟ್ಟಿಲುಗಳ ನಡುವಿನ ಕಾಲ ಹೋಗಿಬರುವ ಕಾಲವಾದ್ದರಿಂದ ಅದರ ಅರ್ಧವೇ ವಿಳಂಬ. 75 ಓಮ್ ಕೇಬಲ್‌ನಲ್ಲಿ ಮೊದಲ ಮೆಟ್ಟಿಲು ಅರ್ಧದ ಬದಲು 0.6ರಷ್ಟು ಎತ್ತರ ಇರುತ್ತದೆ, ಎರಡನೆಯದು ಪೂರ್ಣ ಎತ್ತರವನ್ನು ಶೇಕಡಾ ಎಂಟರಷ್ಟು ಮೀರಿ ಆಮೇಲೆ ಕೆಳಗಿಳಿಯುತ್ತದೆ. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ.

ಇಲ್ಲಿ ಮಾತ್ರ ಅಂಚು ಕಡಿದಾಗಿರಬೇಕು, ಇಲ್ಲದಿದ್ದರೆ ಹತ್ತಿರದ ಎರಡು ದೋಷಗಳು ಒಂದರಲ್ಲೊಂದು ಸೇರಿಹೋಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ 74ಎಸಿ14 ಎಂಬ ಒಂದೇ ಐಸಿಯಿಂದ ಇದಕ್ಕೆ ತಕ್ಕ ಪಲ್ಸರ್ ಮಾಡಿಕೊಳ್ಳಬಹುದು. ಅದರೊಳಗಿನ ಆರು ಗೇಟ್‌ಗಳಲ್ಲಿ ಒಂದಕ್ಕೆ 10 ಕಿಲೋಓಮ್ ಮತ್ತು 1 ನ್ಯಾನೋಫ್ಯಾರಡ್ ಹಾಕಿ ನೂರು ಕಿಲೋಹರ್ಟ್ಸ್ ಆಸುಪಾಸಿನ ಆಸಿಲೇಟರ್ ಮಾಡಿ, ಅದರ ಔಟ್‌ಪುಟ್ ಅನ್ನು ಉಳಿದ ಐದು ಗೇಟ್‌ಗಳಿಗೂ ಒಟ್ಟಿಗೆ ಕೊಟ್ಟು, ಆ ಐದರ ಔಟ್‌ಪುಟ್‌ಗಳನ್ನು ತಲಾ 220 ಓಮ್ ರೆಸಿಸ್ಟರ್ ಮೂಲಕ ಬಿಎನ್‌ಸಿ ಕನೆಕ್ಟರ್‌ನಲ್ಲಿ ಕೂಡಿಸಬೇಕು. ಐದು 220 ಓಮ್‌ಗಳು ಸಮಾಂತರವಾಗಿ 44 ಓಮ್, ಗೇಟ್‌ಗಳ ಸ್ವಂತ ರೆಸಿಸ್ಟೆನ್ಸ್ ಸೇರಿ 50ರ ಹತ್ತಿರ ಬರುತ್ತದೆ. 5 ವೋಲ್ಟ್ ಪಿನ್‌ಗೆ ಅಂಟಿದಂತೆ 100 ನ್ಯಾನೋಫ್ಯಾರಡ್ ಸಿರಾಮಿಕ್ ಕೆಪ್ಯಾಸಿಟರ್ ಇರಲೇಬೇಕು, ತಂತಿಗಳು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದರೆ ಅಂಚಿನ ತಲೆಯಲ್ಲಿ ಅಲೆಗಳೇ ಕಾಣುತ್ತವೆ.

ತೋಟದಲ್ಲಿ ದೋಷ ಹುಡುಕುವ ಕ್ರಮವನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ದಿಣ್ಣೆಯ ಮೇಲಿನ ಡಿಶ್‌ನಿಂದ ಮನೆಯವರೆಗೆ 80 ಮೀಟರ್ ಆರ್‌ಜಿ-6 ಎಳೆದಿದೆ, ಚಿತ್ರ ಬರುತ್ತಿಲ್ಲ ಎಂದಿಟ್ಟುಕೊಳ್ಳೋಣ. ಅದೇ ಸುರುಳಿಯಿಂದ ಉಳಿದ ತುಂಡೊಂದು ಮನೆಯಲ್ಲಿದ್ದರೆ ಮೊದಲು ಅದನ್ನು ಟೇಪ್‌ನಿಂದ ಅಳೆದು, ಎರಡನೆಯ ವಿಧಾನದಲ್ಲಿ ಅದರ ವಿಳಂಬ ತೆಗೆದು, ಮೀಟರಿಗೆ 4.0 ನ್ಯಾನೋಸೆಕೆಂಡ್ ಎಂಬಂಥ ಸ್ವಂತ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಳ್ಳಬೇಕು. ಮನೆಯ ಕಡೆಯಿಂದ ನೋಡಿದಾಗ ಮರಳಿ ಬರುವ ಮೆಟ್ಟಿಲು 428 ನ್ಯಾನೋಸೆಕೆಂಡ್‌ಗೆ ಕಂಡರೆ, ಅರ್ಧ 214, ಅಂದರೆ ದೋಷ 53.5 ಮೀಟರಿನಲ್ಲಿ. ಇಷ್ಟಕ್ಕೇ ಗುದ್ದಲಿ ಹಿಡಿಯಬೇಡಿ. ಉಪಕರಣವನ್ನು ಡಿಶ್ ಕಡೆಗೆ ಒಯ್ದು ಆ ತುದಿಯಿಂದಲೂ ಅಳೆಯಿರಿ. ಅಲ್ಲಿ ಹೋಗಿಬರುವ ಕಾಲ 212 ಸಿಕ್ಕರೆ ಒಂದು ದಿಕ್ಕಿಗೆ 106, ಎರಡೂ ಕೂಡಿ 320, ಅದು 80 ಮೀಟರಿಗೆ ಸರಿಯಾಗಿ ಹೊಂದುತ್ತದೆ. ಮೊತ್ತ ಕಡಿಮೆ ಬಂದರೆ ದೋಷಗಳು ಎರಡು ಇವೆ, ಅವುಗಳ ನಡುವಿನ ತುಂಡು ಎರಡೂ ಕಡೆಯಿಂದ ಕಾಣುತ್ತಿಲ್ಲ ಎಂದರ್ಥ. ಸಿಗುವ ದೂರ ಕೇಬಲ್ ಗುಂಟ ಅಳೆದದ್ದು ಎಂಬುದನ್ನೂ ಮರೆಯಬಾರದು. ಚಾವಣಿಯ ಮೇಲೆ ಹತ್ತು ಮೀಟರ್ ಸುತ್ತಿಟ್ಟಿದ್ದರೆ ನೆಲದ ಮೇಲೆ ಹೆಜ್ಜೆ ಹಾಕುವಾಗ ಅದನ್ನು ಕಳೆಯಬೇಕು.

ಪರದೆಯ ಗೆರೆಯ ಆಕಾರವೂ ಮಾತನಾಡುತ್ತದೆ. ತಂತಿ ತುಂಡಾಗಿದ್ದರೆ ಗೆರೆ ಮೇಲಕ್ಕೆ ಹೋಗುತ್ತದೆ. ನೀರು ಇಳಿದ ಜಾಗದಲ್ಲಿ ಅದು ತಗ್ಗಿ, ತಗ್ಗಿದ್ದು ನಿಧಾನವಾಗಿ ಮೇಲೆ ಬರುತ್ತದೆ: ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80ರ ಆಸುಪಾಸು, ಪಾಲಿಥೀನ್‌ನದು 2.25 ಮಾತ್ರ, ಆದ್ದರಿಂದ ನೆನೆದ ಭಾಗದಲ್ಲಿ ಇಂಪೀಡೆನ್ಸ್ ಕುಸಿದು ಸಂಕೇತವೂ ನಿಧಾನವಾಗುತ್ತದೆ. ನಮ್ಮ ಕಡೆ ಕೇಬಲ್ ಅನ್ನು ಸಿಲ್ವರ್ ಓಕ್ ಮರಗಳಿಗೆ ಬೈಂಡಿಂಗ್ ವೈರ್‌ನಿಂದ ಬಿಗಿಯುವ ರೂಢಿಯಿದೆ. ವರ್ಷ ಕಳೆದಂತೆ ಕಾಂಡ ದಪ್ಪವಾಗಿ ತಂತಿ ಕೇಬಲ್‌ನ ಮೈಯನ್ನು ಕಚ್ಚಿಕೊಳ್ಳುತ್ತದೆ, ಒಳಗಿನ ನೊರೆ ಚಪ್ಪಟೆಯಾಗುತ್ತದೆ, ಆಗ ಪರದೆಯ ಮೇಲೆ ಮರಗಳ ಸಾಲಿನ ಅಂತರಕ್ಕೆ ಸರಿಯಾಗಿ ಸಣ್ಣ ಸಣ್ಣ ತಗ್ಗುಗಳು ಕಾಣುತ್ತವೆ. ಅವುಗಳಲ್ಲಿ ಯಾವುದೋ ಒಂದು ಉಳಿದವಕ್ಕಿಂತ ಆಳವಾಗಿದ್ದರೆ ಅಲ್ಲಿ ಕಪ್ಪು ಹೊದಿಕೆ ಬಿರಿದು ಮಳೆನೀರು ಒಳಹೋಗಿರುವುದು ಬಹುತೇಕ ಖಚಿತ. ಕತ್ತರಿಸಿ ನೋಡಿದರೆ ಜಾಲರಿ ಹೊಳಪು ಕಳೆದುಕೊಂಡು ಕರಿಬಣ್ಣಕ್ಕೆ ತಿರುಗಿರುತ್ತದೆ. ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆಗಳು ಮುಂಗಾರಿನ ಮೂರನೆಯ ತಿಂಗಳಲ್ಲಿ ಏನಾಗಿರುತ್ತವೆ ಎಂಬುದನ್ನು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ.

ನ್ಯಾನೋವಿಎನ್‌ಎ ಇದ್ದವರಿಗೆ

ಹಲವು ಆವೃತ್ತಿಗಳಲ್ಲಿ ಸಂಕೇತ ಕಳುಹಿಸಿ, ಮರಳಿ ಬಂದದ್ದನ್ನೂ ದಾಟಿಹೋದದ್ದನ್ನೂ ಅಳೆಯುವ ಅಂಗೈಯಗಲದ ನ್ಯಾನೋವಿಎನ್‌ಎ ಈಗ ಹಲವರ ಬಳಿ ಇದೆ, ಮೇಲಿನ ಕೆಲಸಗಳನ್ನೆಲ್ಲ ಅದು ಒಂದೇ ಪರದೆಯಲ್ಲಿ ಮಾಡುತ್ತದೆ. ಓಪನ್ (ತೆರೆದ), ಶಾರ್ಟ್ (ಕೂಡಿಸಿದ), ಲೋಡ್ (50 ಓಮ್) ಎಂಬ ಮೂರು ತುದಿಗಳನ್ನೂ ಪರೀಕ್ಷೆಯ ಕೇಬಲ್ ಸೇರುವ ಜಾಗದಲ್ಲಿಯೇ ಹಾಕಿ ಕ್ಯಾಲಿಬ್ರೇಟ್ ಮಾಡಿದರೆ, ವ್ಯತ್ಯಾಸ ತೆಗೆಯುವ ಕೆಲಸ ತಾನಾಗಿಯೇ ನಡೆದಂತೆ. ಆದರೆ ಆವೃತ್ತಿಯ ವ್ಯಾಪ್ತಿಯನ್ನು ಯೋಚಿಸಿ ಇಡಬೇಕು. 101 ಬಿಂದುಗಳಲ್ಲಿ 900 ಮೆಗಾಹರ್ಟ್ಸ್ ವ್ಯಾಪ್ತಿ ಇಟ್ಟರೆ ಅದು ಗೊಂದಲವಿಲ್ಲದೆ ನೋಡಬಲ್ಲ ಹೋಗಿಬರುವ ಕಾಲ 111 ನ್ಯಾನೋಸೆಕೆಂಡ್ ಮಾತ್ರ, ಅಂದರೆ ಆರ್‌ಜಿ-58ರಲ್ಲಿ ಹನ್ನೊಂದು ಮೀಟರ್. ಅದಕ್ಕಿಂತ ದೂರದ ದೋಷ ಹತ್ತಿರದಲ್ಲಿದ್ದಂತೆ ಸುಳ್ಳು ಜಾಗದಲ್ಲಿ ಕಾಣುತ್ತದೆ. 50 ಮೆಗಾಹರ್ಟ್ಸ್‌ಗೆ ಇಳಿಸಿದರೆ ಸುಮಾರು 198 ಮೀಟರ್‌ವರೆಗೆ ನೋಡಬಹುದು, ಆದರೆ ಎರಡು ಮೀಟರ್‌ಗಿಂತ ಹತ್ತಿರದ ದೋಷಗಳು ಬೇರೆಬೇರೆಯಾಗಿ ಕಾಣವು. ಎರಡೂ ತುದಿ ಕೈಗೆ ಸಿಗುವಾಗ ಫೇಸ್‌ನಿಂದ ಲೆಕ್ಕ ಹಾಕುವುದು ಉತ್ತಮ: ಆವೃತ್ತಿ 1 ಮೆಗಾಹರ್ಟ್ಸ್ ಏರಿದಾಗ ದಾಟಿಬಂದ ಸಂಕೇತದ ಫೇಸ್ 36 ಡಿಗ್ರಿ ಹಿಂದೆ ಬಿದ್ದರೆ ವಿಳಂಬ 100 ನ್ಯಾನೋಸೆಕೆಂಡ್.

ಓದು ನಂಬಿಕೆಗೆ ಬಾರದಿದ್ದಾಗ

ಮೊದಲು ಕನೆಕ್ಟರ್‌ಗಳನ್ನು ನೋಡಿ. 2011ರಲ್ಲಿ ಯುರೋಪಿನ ಒಪೆರಾ ಪ್ರಯೋಗದವರು ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಬೇಗ ತಲುಪುತ್ತಿವೆ ಎಂದು ಪ್ರಕಟಿಸಿ ಜಗತ್ತನ್ನೇ ಬೆರಗುಗೊಳಿಸಿದ್ದರು. ಮರುವರ್ಷ ಸಿಕ್ಕ ಮುಖ್ಯ ಕಾರಣ ಜಿಪಿಎಸ್ ಸಮಯವನ್ನು ತರುವ ಕೇಬಲ್‌ನ ಸರಿಯಾಗಿ ಕೂರದ ಕನೆಕ್ಟರ್. ಅದು ಕೋಆಕ್ಸಿಯಲ್ ಅಲ್ಲ, ಆಪ್ಟಿಕಲ್ ಫೈಬರ್ ಆಗಿತ್ತು ಎಂಬುದು ನಿಜ, ಆದರೆ ನಮ್ಮ ಮೇಜಿನ ಮೇಲೂ ಅರ್ಧ ತಿರುಗಿದ ಬಿಎನ್‌ಸಿ, ನಡುತಂತಿ ಗಿಡ್ಡವಾಗಿ ಕತ್ತರಿಸಿದ ಎಫ್ ಕನೆಕ್ಟರ್ ಅಂಚನ್ನು ಕೆಡಿಸಿ ಅಳತೆಯನ್ನು ಹಾಗೆಯೇ ದಾರಿತಪ್ಪಿಸುತ್ತವೆ. ಕನೆಕ್ಟರ್ ಕಳಚಿ ಮತ್ತೆ ಹಾಕಿದಾಗ ಓದು ಬದಲಾದರೆ, ಅದು ಬದಲಾಗದಂತಾಗುವವರೆಗೆ ಮುಂದಕ್ಕೆ ಹೋಗಬೇಡಿ. ಉತ್ತರ ಸರಿಯಾಗಿ ಎರಡು ಪಟ್ಟು ಅಥವಾ ಅರ್ಧ ಬಂದರೆ ಹೋಗಿಬರುವ ಕಾಲದ ಲೆಕ್ಕ ತಪ್ಪಿದೆ. ಒಂದು ಮಟ್ಟದ ವ್ಯತ್ಯಾಸಕ್ಕೆ ಹವೆಯೂ ಕಾರಣ ಇರಬಹುದು: ಟೆಫ್ಲಾನ್‌ನ ಒಳರಚನೆ 19 ಡಿಗ್ರಿ ಸೆಲ್ಸಿಯಸ್ ಬಳಿ ಬದಲಾಗುವುದರಿಂದ, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅಳೆದ ಆರ್‌ಜಿ-316 ಮಧ್ಯಾಹ್ನದ ಓದಿಗೆ ಪೂರ್ತಿ ಹೊಂದುವುದಿಲ್ಲ. ಪೈಕೋಸೆಕೆಂಡ್‌ಗಳ ಮಟ್ಟದ ಕೆಲಸದಲ್ಲಿ ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಳತೆ ಮುಗಿದ ಮೇಲೆ ಕೇಬಲ್‌ನ ಎರಡೂ ತುದಿಗಳಿಗೆ ಒಂದೊಂದು ಚೀಟಿ ಕಟ್ಟಿ, ವಿಳಂಬ, ಅನಿಶ್ಚಿತತೆ, ವಿಧಾನ, ತಾಪಮಾನ, ದಿನಾಂಕ ಇವಿಷ್ಟನ್ನು ಅಳಿಸದ ಶಾಯಿಯಲ್ಲಿ ಬರೆದಿಡಿ. ಯಾವ ಕನೆಕ್ಟರ್‌ನ ಯಾವ ಮುಖದಿಂದ ಯಾವ ಮುಖದವರೆಗೆ ಅಳೆದದ್ದು, ಅಡಾಪ್ಟರ್‌ನ ಪಾಲು ಕಳೆದಿದೆಯೇ ಇಲ್ಲವೇ ಎಂಬುದೂ ಅದರಲ್ಲಿರಬೇಕು; ತುದಿಯ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದ ದಿನ ಆ ಚೀಟಿ ರದ್ದಾಯಿತೆಂದು ತಿಳಿದು ಮತ್ತೆ ಅಳೆಯಬೇಕಾಗುತ್ತದೆ.